ಹೇರಿ ನೋಡಿದ ಬೋಟು

ಬಿಳಿ ಬೋಟು ಶಿರಾಕ್ಕೆ ಬಂದದ್ದು ನೀರಿನ ಮೇಲಲ್ಲ, ಹೈವೇ ಮೇಲೆ. ಬೊಂಬಾಯಿಯಿಂದ ಟ್ರೇಲರ್ ಮೇಲೆ ಕೂತು, ಹಗ್ಗ ಬಿಗಿಸಿಕೊಂಡು, ಮೈತುಂಬ ಟಾರ್ಪಾಲು ಹೊದ್ದು ಬಂತು. ನಮ್ಮ ಲಾರಿ ಷೆಡ್ಡಿನ ಮುಂದೆ ಟಾರ್ಪಾಲು ಎಳೆದಾಗ ಬಸ್ ಸ್ಟ್ಯಾಂಡು ಖಾಲಿಯಾಯಿತು. ಪಾವಗಡದ ಬಸ್ಸಿನಲ್ಲಿ ಸೀಟು ಹಿಡಿದು ಕೂತಿದ್ದವರು ಸೀಟಿನ ಮೇಲೆ ಟವೆಲ್ಲು ಹಾಸಿ, ಇಳಿದು ಓಡಿಬಂದರು. ಸೀಟಿ ಊದಿ ಊದಿ ಸಾಕಾಗಿ ಕಂಡಕ್ಟರನೂ ಬಂದ.

“ಏನ್ಲಾ ಇದು, ಏರೋಪ್ಲೇನಾ?”

“ರೆಕ್ಕೆ ಎಲ್ಲವ್ಲಾ ಮತ್ತೆ?”

“ಬೊಂಬಾಯಾಗೇ ಬಿಚ್ಚಿಕೊಂಡವ್ರೆ. ಇಲ್ದಿದ್ರೆ ದಾರೀಲೇ ಹಾರೋಗ್ತಿರ್ಲಿಲ್ವಾ?”

ಎಮರ್ಜೆನ್ಸಿ ಮುಗಿದ ಮರುವರ್ಷದ ಮಾತು. ನಾನು ಕ್ಯಾತಣ್ಣ, ಬಡವನಹಳ್ಳಿ ಕಡೆಯ ಗೊಲ್ಲರಹಟ್ಟಿಯವನು. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು “ಕುರಿ ಕಾಯೋನಿಗೆ ಭೂಗೋಳ ಯಾಕೋ” ಅಂದರು. ಅವರ ಕೈಯಲ್ಲಿದ್ದ ಕೋಲು ಕಿತ್ತು, ಮುರಿದು, ಅವರ ಮೇಜಿನ ಮೇಲಿಟ್ಟು ಹೊರಗೆ ಬಂದೆ. ತಿರುಗಿ ಹೋಗಲಿಲ್ಲ. ಆಮೇಲೆ ಶಿರಾದ ದೊಡ್ಡರಂಗಪ್ಪನವರ ಷೆಡ್ಡು ಸೇರಿದೆ. ಅವರ ಎಣ್ಣೆ ಮಿಲ್ಲಿನ ಎಂಜಿನ್ನು, ಅವರ ಲಾರಿಗಳ ಎಂಜಿನ್ನು, ಎಲ್ಲದರ ಹೊಟ್ಟೆಗೂ ಕೈ ಹಾಕಿದ್ದೇನೆ. ನನ್ನ ಮೈಯಲ್ಲಿ ರಕ್ತಕ್ಕಿಂತ ಗ್ರೀಸು ಜಾಸ್ತಿ, ಗ್ರೀಸಿಗಿಂತ ಸಿಟ್ಟು ಜಾಸ್ತಿ ಅಂತ ಡ್ರೈವರ್ ಬೋರಯ್ಯ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಸುಳ್ಳೇನಲ್ಲ.

ದೊಡ್ಡರಂಗಪ್ಪನವರು ಸಮುದ್ರವನ್ನು ಮೊದಲ ಸಲ ನೋಡಿದ್ದು ನಲವತ್ತು ದಾಟಿದ ಮೇಲೆ, ಕಡಲೆಕಾಯಿ ಹಿಂಡಿ ತುಂಬಿದ ಲಾರಿಯ ಜೊತೆ ಮಂಗಳೂರಿಗೆ ಹೋದಾಗ. ಹಿಂಡಿ ಇಳಿಸುವುದನ್ನು ಬೋರಯ್ಯನಿಗೆ ಬಿಟ್ಟು, ಪಂಚೆ ಮಡಿಸಿ ಮರಳ ಮೇಲೆ ಕೂತವರು ಸಂಜೆಯಾದರೂ ಏಳಲಿಲ್ಲವಂತೆ. ವಾಪಸು ಬಂದವರೇ ಷೆಡ್ಡಿನ ಗೋಡೆಗೆ ಹಿಂದೂ ಮಹಾಸಾಗರದ ಮ್ಯಾಪು ಹೊಡೆಸಿದರು. “ಆಚೆ ದಡಾನೇ ಕಾಣಾಕಿಲ್ಲ ಕಣ್ಲಾ ಕ್ಯಾತ. ಹೋಗಿ ನೋಡ್ಬೇಕು.” ಅವತ್ತಿನಿಂದ ಒಂದೇ ಹುಚ್ಚು. ಸ್ವಂತ ಬೋಟು ಕೊಂಡು ಮಲ್ಪೆಯಿಂದ ಹೊರಟು ಲಕ್ಷದ್ವೀಪ, ಅಲ್ಲಿಂದ ಮಾಲ್ಡೀವ್ಸ್, ಅಲ್ಲಿಂದ ಸೀಶೆಲ್ಸ್, ಕೊನೆಗೆ ಆಫ್ರಿಕಾದ ಮೊಂಬಾಸ. ಮಿಲ್ಲು ನೋಡಿಕೊಳ್ಳಲು ಮಗ ಬೆಳೆದಿದ್ದ. ಶಿರಾದಲ್ಲಿ ನಗದವರಿಲ್ಲ. ನಾನು ನಗಲಿಲ್ಲ. ಯಾಕೆಂದರೆ ಆ ಬೋಟಿನಲ್ಲಿ ನಾಲ್ಕು ಜನಕ್ಕೆ ಜಾಗ: ಯಜಮಾನರು, ಅವರ ಹೆಂಡತಿ ರಾಜಲಕ್ಷ್ಮಮ್ಮ, ಬೋಟು ನಡೆಸುವ ಒಬ್ಬ, ಎಂಜಿನ್ ನೋಡುವ ಒಬ್ಬ. ಆ ಕೊನೆಯ ಜಾಗ ನನಗೆ ಬೇಕಿತ್ತು. ಮನೆ ಬೇಡ, ಮದುವೆ ಬೇಡ, ಅದೊಂದು ಬೇಕಿತ್ತು. ಭೂಗೋಳ ಯಾಕೋ ಅಂದಿದ್ದರಲ್ಲ.

ಆರಿಸಬೇಕಾಗಿದ್ದದ್ದು ಎರಡು ಬೋಟುಗಳಲ್ಲಿ ಒಂದನ್ನು.

ಒಂದು ಮಲ್ಪೆಯಲ್ಲಿತ್ತು. ಕಾಫಿ ತೋಟದ ಸಾಹುಕಾರರೊಬ್ಬರು ದೇಶ ಸುತ್ತಲೆಂದೇ ಮೀನಿನ ಬೋಟಿನ ಮಾದರಿಯಲ್ಲಿ ಕಟ್ಟಿಸಿ, ಮಂಡಿನೋವು ಬಂದು ಮಾರಲು ಇಟ್ಟಿದ್ದರು. ದಪ್ಪ ಹಲಗೆಯ ಮೈ, ಗುಡಾಣದಂಥ ಹೊಟ್ಟೆ, ಆ ಹೊಟ್ಟೆಯ ತಳದಲ್ಲಿ ಅಷ್ಟಗಲಕ್ಕೂ ಡೀಸೆಲ್ ಟ್ಯಾಂಕು. ಎಂಜಿನ್ನು ಒಂದೇ, ನಿಧಾನಕ್ಕೆ ಬಡಿಯುವಂಥದ್ದು. ಇನ್ನೊಮ್ಮೆ ಹಿಂಡಿ ಲಾರಿಯ ಜೊತೆ ಆ ಕಡೆ ಹೋದಾಗ ನಾನು ಬಂದರಿನಲ್ಲಿ ನಿಂತಿದ್ದ ಅದರೊಳಗೆ ಇಳಿದು ನೋಡಿದ್ದೆ. ನಮ್ಮ ಮಿಲ್ಲಿನ ಎಂಜಿನ್ನಿನ ದೊಡ್ಡಣ್ಣ. ಒಂದು ಬೋಲ್ಟು ಕೂಡ ನನಗೆ ಹೊಸದಲ್ಲ. ಆದರೆ ವೇಗ? ಸೈಕಲ್ ತುಳಿದಷ್ಟು. ಅದೂ ಎದುರುಗಾಳಿಯಲ್ಲಿ ತುಳಿದಷ್ಟು.

ಇನ್ನೊಂದು ಈ ಬಿಳಿಯದು. ಚೂಪು ಮೂಗು, ಕನ್ನಡಿಯಂಥ ಮೈ, ಬೆನ್ನಿಗೆ ಎರಡು ಎಂಜಿನ್ನು. ತಂದವನು ಪರ್ವತಯ್ಯ. ಕೊರಟಗೆರೆಯವನೇ, ಬೊಂಬಾಯಿ ಸೇರಿ ಬೋಟಿನ ದಲ್ಲಾಳಿಯಾಗಿ ಸಫಾರಿ ಸೂಟು ಹೊಲಿಸಿಕೊಂಡಿದ್ದ. ನಾನು ಟ್ರೇಲರ್ ಹತ್ತಿ ಎಂಜಿನ್ನಿನ ಮುಚ್ಚಳಕ್ಕೆ ಕೈ ಹಾಕಿದೆ. ಅವನು ನನ್ನ ಕೈ ಮೇಲೇ ಹೊಡೆದ.

“ಏಯ್, ಮುಟ್ಬೇಡಪ್ಪ. ಎಷ್ಟನೇ ಕ್ಲಾಸು ನೀನು?”

“ಬೋಟಿಗೆ ಮದುವೆ ಗಂಡು ನೋಡ್ತಿದ್ದೀರಾ, ಕ್ಲಾಸು ಕೇಳಾಕೆ?”

“ಇದು ಬೋಟಲ್ಲ ಕಣಯ್ಯ, ಯಾಟ್. ಇದರ ಎಂಜಿನ್ನು ಮುಟ್ಟೋಕೆ ಕಂಪನಿ ಸರ್ಟಿಫಿಕೇಟ್ ಇರಬೇಕು. ನನ್ನ ಇಂಜಿನಿಯರು ಬೊಂಬಾಯಲ್ಲಿ ಇದ್ದಾನೆ. ದೊಡ್ಡರಂಗಪ್ಪನೋರೇ, ಇದನ್ನ ತಗೊಂಡ್ರೆ ಅವನೇ ನಿಮ್ಮ ಜೊತೆ ಬರ್ತಾನೆ.”

ಅಲ್ಲಿಗೆ ಲೆಕ್ಕ ಸ್ಪಷ್ಟವಾಯಿತು. ಬಿಳಿ ಬೋಟು ಬಂದರೆ ನಾನು ಷೆಡ್ಡು. ಮಲ್ಪೆ ಬೋಟಾದರೆ ನಾನು ಸಮುದ್ರ. ಯಜಮಾನರ ಮುಖ ನೋಡಿದೆ. ಅವರು ಬಿಳಿ ಬೋಟಿನ ಪಕ್ಕೆ ಸವರುತ್ತಿದ್ದರು, ಹಸುಗೂಸಿನ ಕೆನ್ನೆ ಸವರಿದ ಹಾಗೆ.

ರಾಜಲಕ್ಷ್ಮಮ್ಮನವರು ಮನೆಯಿಂದ ಬಂದರು. ಪಾವಗಡದಾಚೆ, ಆಂಧ್ರದ ಗಡಿಯ ಹಳ್ಳಿಯ ಹೆಣ್ಣುಮಗಳು. ಗಂಡನನ್ನು ಒಬ್ಬನೇ ಆಫ್ರಿಕಾಕ್ಕೆ ಕಳಿಸಿ ತಾನು ಹಪ್ಪಳ ಒತ್ತುತ್ತ ಕೂರುವವರಲ್ಲ. ಬೋಟನ್ನು ಒಂದು ಸುತ್ತು ಬಂದು ಕೇಳಿದರು, “ಒಂದ್ಸಲ ಹೊಟ್ಟೆ ತುಂಬಿಸಿದ್ರೆ ಎಷ್ಟು ದೂರ ಹೋತದಪ್ಪಾ ಇದು?”

“ಇನ್ನೂರು ಮೈಲಿ, ಅಮ್ಮ. ಕುಣಿದಾಡಿಕೊಂಡು ಹೋಗುತ್ತೆ.”

“ಮಾಲ್ಡೀವ್ಸಿಂದ ಆ ಸೀಶೆಲ್ಸು ಎಷ್ಟು ದೂರ?”

ಪರ್ವತಯ್ಯ ಕೆಮ್ಮಿದ. ಗೋಡೆಯ ಮ್ಯಾಪಿನಲ್ಲಿ ಅದು ನನ್ನ ಗೇಣಿಗೂ ಮೀರಿದ ದೂರ. ಸಾವಿರ ಮೈಲಿಗೆ ಮೇಲೆ, ನಡುವೆ ಒಂದು ಬಂಡೆಯೂ ಇಲ್ಲ.

“ಅದಕ್ಕೇನಮ್ಮ? ಹಿಂದುಗಡೆ ಕಟ್ಟೆ ಇಲ್ವಾ, ಅಲ್ಲಿ ಡೀಸೆಲ್ ಡ್ರಮ್ಮು ನಿಲ್ಲಿಸಿಕೊಂಡ್ರೆ ಆಯ್ತು. ಎಷ್ಟು ಬೇಕೋ ಅಷ್ಟು ಡ್ರಮ್ಮು. ಎಲ್ಲಿಗೆ ಬೇಕೋ ಅಲ್ಲಿಗೆ.”

“ನೋಡಿದ್ಯಾ?” ಅಂದರು ಯಜಮಾನರು, ಹೆಂಡತಿಗೆ.

ನನಗೆ ತಡೆಯಲಾಗಲಿಲ್ಲ. “ಹಂಗಾದ್ರೆ ಈಗ್ಲೇ ಹೇರಿ ನೋಡಾಣ!”

ನಮ್ಮ ಹಟ್ಟಿಯಲ್ಲಿ ಒಂದು ಪದ್ಧತಿಯಿತ್ತು. ಮಳೆ ಕೈಕೊಟ್ಟು ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೊರಡುವಾಗ ಸಾಮಾನು, ಹಿಟ್ಟು, ನೀರು ಎಲ್ಲ ಎತ್ತಿನ ಬೆನ್ನಿಗೆ. ಅಂಥ ಹೇರೆತ್ತು ಕೊಳ್ಳುವಾಗ ಬರಿಮೈಯಲ್ಲಿ ಓಡಿಸಿ ನೋಡಿದವನನ್ನು ಹಟ್ಟಿಯೇ ನಗುತ್ತಿತ್ತು. ಬರಿಮೈಯಲ್ಲಿ ಎಲ್ಲ ಎತ್ತೂ ಜಿಂಕೆಯೇ. ದಾರಿಗೆ ಬೇಕಾದದ್ದೆಲ್ಲ ಹೇರಿ, ಹಟ್ಟಿಯನ್ನು ಮೂರು ಸುತ್ತು ನಡೆಸಿ, ಆಮೇಲೆ ಮಾತು. ನಮ್ಮವ್ವ ಕೆಂಪಕ್ಕ ಎತ್ತಿನ ಹಲ್ಲು ನೋಡುವುದಕ್ಕೂ ಮುಂಚೆ ಅದರ ಬೆನ್ನಿಗೆ ಗೋಣಿ ಎಸೆಯುತ್ತಿದ್ದಳು.

ಇದನ್ನೆಲ್ಲ ನಾನು ಕೂಗಿ ಹೇಳಿದೆ. ಪರ್ವತಯ್ಯ ನಕ್ಕ. “ಯಾಟ್ ತಂದು ಎತ್ತು ಮಾಡ್ತಾನಲ್ರೀ ಇವ್ನು!” ಜನವೂ ನಕ್ಕರು. ಯಜಮಾನರು ನಗಲಿಲ್ಲ. ಅವರೂ ದನದ ವ್ಯಾಪಾರ ಮಾಡಿದವರೇ.

“ಮದಲೂರು ಕೆರೆ ತುಂಬೈತೆ,” ಅಂದರು. “ಬೋರಾ, ಟ್ರೇಲರ್ ತಿರುಗ್ಸು.”

ಮದಲೂರು ಕೆರೆ ಆ ವರ್ಷ ಕೋಡಿ ಬಿದ್ದಿತ್ತು. ಏರಿಯ ಮೇಲೆ ನಿಂತರೆ ಕಣ್ಣಿಗೆ ನೀರೇ ನೀರು, ಸಣ್ಣಗೆ ಅಲೆ. ನಾವು ಮುಟ್ಟುವಷ್ಟರಲ್ಲಿ ಸುತ್ತಲ ಹಳ್ಳಿಯವರೆಲ್ಲ ಏರಿ ಹತ್ತಿದ್ದರು. ಮಧುಗಿರಿಯಿಂದಲೂ ಜನ ಬರುತ್ತಿದ್ದಾರೆ ಎಂದರು ಯಾರೋ. ಊರಿನ ಹಿರಿಯ ಗಂಗಹನುಮಯ್ಯ ಅಡ್ಡ ನಿಂತರು.

“ಗಂಗಮ್ಮಂಗೆ ತಂಬಿಟ್ಟು ಇಕ್ಕದೆ ಒಂದು ತೆಪ್ಪಾನೂ ಇಳಿಸಾಕಿಲ್ಲ ನಾವು. ಇದ್ಯಾವ್ದೋ ಬೊಂಬಾಯಿ ರಾಕ್ಷಸಿ.”

ರಾಜಲಕ್ಷ್ಮಮ್ಮನವರು ಕೈಚೀಲದಿಂದ ತಂಬಿಟ್ಟು, ಬಳೆ, ಅರಿಸಿನ ತೆಗೆದರು. ಮನೆಯಿಂದಲೇ ತಂದಿದ್ದರು. “ನಾನೇನು ಗಂಗಮ್ಮನ್ನ ಮರೆಯೋಳಾ ಮಾವಾ? ನೀರಿಲ್ಲದ ಸೀಮೆಯೋಳಿಗೇ ಗಂಗಮ್ಮನ ಭಯ ಜಾಸ್ತಿ.” ಪೂಜೆಯಾಯಿತು. ದನ ತೊಳೆಯುವ ಇಳಿಜಾರಿನಲ್ಲಿ ಬೋರಯ್ಯ ಟ್ರೇಲರನ್ನು ಹಿಂದಕ್ಕೆ ಇಳಿಸಿದ. ಬೋಟು ಜಾರಿತು, ತೂಗಿತು, ತೇಲಿತು. ಏರಿಯ ಮೇಲೆ ಎದ್ದ ಕೂಗಿಗೆ ಕೊಕ್ಕರೆಗಳು ಹಾರಿಹೋದವು.

ಮೊದಲು ಬರಿಮೈಯಲ್ಲಿ. ಚಕ್ರ ಹಿಡಿದವರು ಯಜಮಾನರು. ಪಕ್ಕದಲ್ಲಿ ಪರ್ವತಯ್ಯ. ಒಳಗಿನ ಪುಟ್ಟ ಅಡಿಗೆಮನೆಯಲ್ಲಿ ರಾಜಲಕ್ಷ್ಮಮ್ಮನವರು ಸೀಮೆಎಣ್ಣೆ ಸ್ಟೌ ಹಚ್ಚಿ ಎಸರು ಇಟ್ಟಿದ್ದರು, ಬೋಟಿನಲ್ಲಿ ಅಡಿಗೆಯಾಗುತ್ತದೋ ಇಲ್ಲವೋ ನೋಡಬೇಕು ಅಂತ. ಹಿಂದುಗಡೆ ಕಟ್ಟೆಯ ಮೇಲೆ ಬೋರಯ್ಯ, ನಾನು. ಎರಡು ಎಂಜಿನ್ನೂ ಒಟ್ಟಿಗೆ ಕೂಗಿದವು. ಮೂಗು ಮೇಲೆದ್ದಿತು. ಆಮೇಲೆ ಏನಾಯಿತೆಂದರೆ, ಬೋಟು ನೀರನ್ನು ಬಿಟ್ಟುಬಿಟ್ಟಿತು! ನೀರಿನ ಮೇಲೆ ಜಾರುತ್ತಿದೆ, ಹಿಂದೆ ಬಿಳಿ ನೊರೆಯ ಗೋಡೆ ಏಳುತ್ತಿದೆ, ಗಾಳಿ ಬಾಯೊಳಗೆ ನುಗ್ಗಿ ಕೆನ್ನೆ ಉಬ್ಬಿಸುತ್ತಿದೆ. ಕೆರೆಯ ಈ ತುದಿಯಿಂದ ಆ ತುದಿಗೆ ಬೀಡಿ ಹಚ್ಚುವಷ್ಟರಲ್ಲಿ ಹೋಗಿದ್ದೆವು. ಬೋರಯ್ಯ ‘ಅಯ್ಯಯ್ಯಪ್ಪೋ’ ಅಂತ ಕಿರುಚುತ್ತಿದ್ದ. ನಾನೂ ಕಿರುಚಿದೆ. ದ್ವೇಷಿಸಬೇಕೆಂದೇ ಹತ್ತಿದ ಬೋಟಿನ ಮೇಲೆ ನಿಂತು, ಎರಡೂ ಕೈ ಎತ್ತಿ, ಗಂಟಲು ಹರಿಯುವಂತೆ ಕಿರುಚಿದೆ. ಇದಕ್ಕೆ ಒಂದೇ ಮಾತು: ಮಜಾ.

ಒಳಗಿನಿಂದ ಢಣ್ ಅಂತ ಸದ್ದು. ಎಸರಿನ ಪಾತ್ರೆ ಹಾರಿತ್ತು.

“ಇವ್ರೇ! ಇದ್ರಲ್ಲಿ ಮುದ್ದೆ ತೊಳಸ್ಬೇಕಂದ್ರೆ ಪಾತ್ರೇನ ಸೊಂಟಕ್ಕೆ ಕಟ್ಕೋಬೇಕು!”

ಯಜಮಾನರಿಗೆ ಕೇಳಿಸಲೇ ಇಲ್ಲ. ದಡಕ್ಕೆ ಬಂದಾಗ ಅವರ ಕಣ್ಣು ಹೊಳೆಯುತ್ತಿದ್ದವು. “ಲೇ ಕ್ಯಾತ, ನೋಡಿದ್ಯೇನ್ಲಾ? ನೋಡಿದ್ಯೇನ್ಲಾ?” ನನ್ನ ತೋಳು ಹಿಡಿದು ಅಲ್ಲಾಡಿಸಿದರು. ನೋಡಿದ್ದೆ. ನನ್ನ ಜಾಗ ನನ್ನ ಕಣ್ಣೆದುರೇ ನೊರೆಯಾಗಿ ಹೋಗುತ್ತಿರುವುದನ್ನೂ ನೋಡಿದ್ದೆ.

“ಹೇರಿ ನೋಡಾಣ,” ಅಂದೆ.

ಮಿಲ್ಲಿನ ಖಾಲಿ ಡ್ರಮ್ಮುಗಳು ಲಾರಿಯಲ್ಲಿ ಬಂದಿದ್ದವು. ಪರೀಕ್ಷೆಗಾಗಿ ಅಷ್ಟೊಂದು ಡೀಸೆಲ್ ಯಾರು ತರುತ್ತಾರೆ? ಕೆರೆಯ ನೀರನ್ನೇ ತುಂಬುವುದೆಂದಾಯಿತು. ಪರ್ವತಯ್ಯ ತಕರಾರು ತೆಗೆದ. “ನೀರು ಡೀಸೆಲ್‌ಗಿಂತ ಭಾರ ಕಣ್ರೀ. ಇದು ಮೋಸ.”

“ಮೋಸ ಯಾಕೆ? ಬಾಯಿಮಟ್ಟ ತುಂಬಬ್ಯಾಡಿ,” ಅಂದೆ ನಾನು. “ಗೇಣು ಕಮ್ಮಿ ಬುಡಿ. ನಮ್ಮಟ್ಟೀಲೂ ಹಂಗೇಯ. ಚರ್ಮದ ಚೀಲಕ್ಕೆ ನೀರು ತುಂಬೋವಾಗ ಸ್ವಲ್ಪ ಸಡಿಲ ಬುಟ್ರೆ ಎತ್ತಿನ ಪಕ್ಕೆಗೆ ಒಪ್ಪಿಕೊಂಡು ಕೂರ್ತದೆ. ಬಿಗಿ ತುಂಬಿದ್ರೆ ತರೀತದೆ.”

“ಸರಿಯಾದ ಮಾತು,” ಅಂದರು ಯಜಮಾನರು. ಗಂಗಹನುಮಯ್ಯನವರೂ ತಲೆಯಾಡಿಸಿದರು. ಏರಿಯ ಮೇಲಿದ್ದ ಒಬ್ಬನಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ತಲೆತಲಾಂತರದಿಂದ ಎತ್ತಿನ ಮೇಲೆ ನೀರು ಹೊತ್ತ ಸೀಮೆ ನಮ್ಮದು. ನೀರಿನ ಮೇಲೆ ನೀರು ಹೊತ್ತವರು ನಮ್ಮಲ್ಲಿ ಯಾರಿದ್ದರು?

ಡ್ರಮ್ಮುಗಳು ಹಿಂದಿನ ಕಟ್ಟೆಯಲ್ಲಿ ಸಾಲಾಗಿ ನಿಂತವು. ಬೋಟಿನ ಹಿಂಭಾಗ ಆಗಲೇ ತಗ್ಗಿತ್ತು. ರಾಜಲಕ್ಷ್ಮಮ್ಮನವರು ಸೆರಗು ಬಿಗಿದು ಮತ್ತೆ ಒಳಗೆ ಹತ್ತಿದರು. ಬೇಡ ಅಂದರೆ ಕೇಳುವ ಜನವಲ್ಲ. ಎಂಜಿನ್ನು ಕೂಗಿದವು. ಈ ಸಲ ಮೂಗು ಮೇಲೆದ್ದದ್ದು ಎದ್ದಂತೆಯೇ ಇತ್ತು. ಬೋಟು ನೀರು ಬಿಡಲಿಲ್ಲ. ಹಿಂಭಾಗ ಕೆಸರಲ್ಲಿ ಹೂತ ಎಮ್ಮೆಯ ಹಾಗೆ ಕೂತುಬಿಟ್ಟಿತ್ತು. ಹೊಗೆ ಕಪ್ಪಗೆ ಬರುತ್ತಿತ್ತು.

“ಇನ್ನೂ ಕೊಡಿ, ಇನ್ನೂ ಕೊಡಿ!” ಪರ್ವತಯ್ಯ ಕೂಗಿದ.

ಯಜಮಾನರು ಇನ್ನೂ ಕೊಟ್ಟರು. ಸದ್ದು ಎರಡರಷ್ಟಾಯಿತು, ವೇಗ ಅಷ್ಟೇ. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಕೆರೆಯ ನಡುವೆ ಯಜಮಾನರು ತಿರುಗಿಸಲು ಚಕ್ರ ಎಳೆದರು. ಬೋಟು ಬಲಕ್ಕೆ ವಾಲಿತು. ವಾಲಿದ್ದು ಏಳಲಿಲ್ಲ.

ಆಗ ಕೇಳಿಸಿತು ನನಗೆ. ಡ್ರಮ್ಮುಗಳೊಳಗೆ, ನಾನೇ ಬಿಡಿಸಿದ್ದ ಆ ಗೇಣು ಜಾಗದಲ್ಲಿ, ನೀರು ‘ಗಳಬುಳಬು’ ಅಂತ ಒಟ್ಟಾಗಿ ಬಲಕ್ಕೆ ಓಡಿತು. ಎತ್ತಿನ ಪಕ್ಕೆಗೆ ಒಪ್ಪುವ ಆ ಸಡಿಲವೇ ಬೋಟಿನ ಪಕ್ಕೆಯನ್ನು ಹಿಡಿದು ಎಳೆಯುತ್ತಿತ್ತು. ಒಂದು ಡ್ರಮ್ಮು ಉರುಳಿತು. ಅದರ ಹಿಂದೆ ಇನ್ನೊಂದು. ಅಂಚಿನ ಮೇಲಿಂದ ಕೆರೆ ಒಳಗೆ ಬಂತು, ಹಸಿರಾಗಿ, ತಣ್ಣಗೆ, ಯಾರ ಅಪ್ಪಣೆಯನ್ನೂ ಕೇಳದೆ.

“ಯಜಮಾನ್ರೇ, ಎಂಜಿನ್ ಸ್ಪೀಡು ಇಳಿಸಿ! ನೆಟ್ಟಗೆ ಹಿಡೀರಿ, ನೆಟ್ಟಗೆ!”

ಕೂಗುತ್ತಲೇ ಡ್ರಮ್ಮಿಗೆ ಭುಜ ಕೊಟ್ಟೆ. ಬೋರಯ್ಯ ಕಾಲು ಕೊಟ್ಟ. ಒಂದು ಹೋಯಿತು. ಇನ್ನೊಂದು ಹೋಯಿತು. ಪರ್ವತಯ್ಯ ಅಡ್ಡ ಬಂದ, “ಏ, ಬಣ್ಣ ಕಿತ್ತೋಗುತ್ತೆ ಕಣೋ!” ಅಂದ. ಮೂರನೆಯದು ಅವನ ಪಕ್ಕದಲ್ಲೇ ಉರುಳಿತು. ಹಿಂದಕ್ಕೆ ಜಿಗಿದವನಿಗೆ ಹಿಂದೆ ಬೋಟಿರಲಿಲ್ಲ. ಸಫಾರಿ ಸೂಟು ಕೆರೆಗೆ ಬಿತ್ತು. ಬೋರಯ್ಯ ಬಾವಿ ಈಜು ಕಲಿತವನು, ಅವನ ಹಿಂದೆಯೇ ಹಾರಿ ಕಾಲರ್ ಹಿಡಿದ. ನಾನೊಬ್ಬನೇ ಉಳಿದೆ. ಮೊಣಕಾಲಿನ ತನಕ ನೀರು. ಒಳಗಿನಿಂದ ರಾಜಲಕ್ಷ್ಮಮ್ಮನವರು ಹೊರಗೆ ಬಂದರು. ನಾನು ಅವರಿಗೆ ಎಡ ಅಂಚಿಗೆ ಹೋಗಿ ಅಂತ ಕೂಗುವ ಮುಂಚೆಯೇ ಎಡ ಅಂಚಿಗೆ ಹೋಗಿ ಜೋತುಬಿದ್ದು ಕೂತರು.

“ಎತ್ತಿ ಹಾಕೋ ನಾಯನಾ, ಎತ್ತಿ ಹಾಕು! ನನ್ನ ಭಾರಾನೂ ಒಂದು ಡ್ರಮ್ಮಿಗೆ ಸಮ ಐತೆ!”

ಕೊನೆಯ ಡ್ರಮ್ಮನ್ನು ಹೇಗೆ ಎತ್ತಿದೆನೋ ಗೊತ್ತಿಲ್ಲ. ಸಿಟ್ಟಿಗೆ ಏನೇನೋ ಬೈಯುತ್ತಿದ್ದೆ, ನೀರಿಗೆ, ಡ್ರಮ್ಮಿಗೆ, ನನಗೆ. ಬೋಟು ನಡುಗಿ ನಡುಗಿ ನೆಟ್ಟಗಾಯಿತು. ಒಂದು ಎಂಜಿನ್ನು ಕೆಮ್ಮಿ ಸತ್ತಿತ್ತು. ಇನ್ನೊಂದನ್ನು ಹಿಡಿದುಕೊಂಡು ಯಜಮಾನರು ದಡದ ಜಾಲಿ ಪೊದೆಯೊಳಗೆ ಮೂಗು ತೂರಿಸಿ ನಿಲ್ಲಿಸಿದರು. ಇಳಿದರೆ ಎದೆಮಟ್ಟ ನೀರು. ಏರಿಯ ಜನ ಹಗ್ಗ, ಪಂಚೆ, ಕೈ ಎಲ್ಲ ಚಾಚಿದರು.

ದಡದಲ್ಲಿ ಯಜಮಾನರು ಒದ್ದೆ ಪಂಚೆಯಲ್ಲಿ ನಿಂತಿದ್ದರು.

“ನನ್ ಹೆಂಡ್ತೀನ ಮುಳುಗಿಸ್ತಿದ್ದೆಯಲ್ಲೋ ಪಾಪಿ!”

“ಅರ್ಧ ತುಂಬಿದ ಡ್ರಮ್ಮು ಬೋಟಿಗೆ ಹೇರ್ತಾರೇನ್ರೀ ಯಾರಾದ್ರೂ?” ಪರ್ವತಯ್ಯ ಕೆರೆಯ ಪಾಚಿ ಉಗುಳುತ್ತ ಬಂದ. “ಓದದೇ ಇರೋನ ಮಾತು ಕೇಳಿದ್ರೆ ಇದೇ ಗತಿ.”

“ಡ್ರಮ್ಮಿನ ತಪ್ಪು ನಂದೇ,” ಅಂದೆ. “ನೂರು ಸಲ ನಂದು. ಆದ್ರೆ ತಿರುಗಿಸೋಕೆ ಮುಂಚೆ, ನೆಟ್ಟಗೆ ಹೋಗ್ತಿದ್ದಾಗ, ಮೇಲೆ ಎದ್ದಿತಾ ನಿಮ್ ಯಾಟು? ಎದ್ದಿತಾ ಹೇಳ್ರೀ! ಯಜಮಾನ್ರೇ, ನಿಮಗೆ ಆಫ್ರಿಕಾಕ್ಕೆ ಹೋಗ್ಬೇಕಾ, ಇಲ್ಲ ಶಿರಾದೋರ ಮುಂದೆ ಮೆರೀಬೇಕಾ? ಮೆರೆಯೋಕಾದ್ರೆ ಇದನ್ನ ಬಸ್ ಸ್ಟ್ಯಾಂಡಾಗೇ ನಿಲ್ಲಿಸ್ಕಳಿ!”

ಷೆಡ್ಡಿನ ಹುಡುಗ ಯಜಮಾನನಿಗೆ ಹೀಗೆ ಅನ್ನುವುದುಂಟೆ? ನನ್ನ ನಾಲಿಗೆ ಅಂಥದ್ದು. ಮೇಷ್ಟ್ರ ಕೋಲು ಮುರಿದ ಕೈಗೂ ಈ ನಾಲಿಗೆಗೂ ಒಂದೇ ರಕ್ತ.

“ಷೆಡ್ಡು ಬುಟ್ಟು ಹೋಗ್ಲಾ,” ಅಂದರು ಯಜಮಾನರು. ಕೂಗಲಿಲ್ಲ, ಮೆಲ್ಲಗೆ ಅಂದರು. “ನಿನ್ನ ಮುಖ ತೋರಿಸಬ್ಯಾಡ.”

ಹೊರಟೆ. ಜಾಗ ಹೋಯಿತು, ಷೆಡ್ಡೂ ಹೋಯಿತು. ಏರಿ ಹತ್ತುವಾಗ ಕಣ್ಣಿಗೆ ದಾರಿ ಕಾಣಿಸುತ್ತಿರಲಿಲ್ಲ, ಅಷ್ಟು ಸಿಟ್ಟು. ಅವರ ಮೇಲಲ್ಲ. ಆ ಒಂದು ಗೇಣಿನ ಮೇಲೆ.

“ಒರೇಯ್ ಕ್ಯಾತ, ಆಗು! ನಿಲ್ಲೋ!” ರಾಜಲಕ್ಷ್ಮಮ್ಮನವರ ದನಿ. ಸಿಟ್ಟಿಗೋ ಸಂಭ್ರಮಕ್ಕೋ ಅವರ ಬಾಯಿಗೆ ತೌರಿನ ತೆಲುಗು ಬರುತ್ತಿತ್ತು. ತಿರುಗಿ ನೋಡಿದರೆ ಕಲ್ಲಿನ ಮೇಲೆ ಕೂತು ಸೆರಗು ಹಿಂಡುತ್ತಿದ್ದಾರೆ, ನಗುತ್ತಿದ್ದಾರೆ. ಬಿಕ್ಕಳಿಸಿ ಬಿಕ್ಕಳಿಸಿ ನಗುತ್ತಿದ್ದಾರೆ.

“ನಗ್ತೀಯಲ್ಲೇ? ಸಾಯ್ತಿದ್ದೆ!” ಅಂದರು ಯಜಮಾನರು.

“ಅದಕ್ಕೇ ನಗು. ಸಾಯ್ಲಿಲ್ವಲ್ಲ. ಕೆರೆ ನೀರಲ್ಲಿ ಮುಳುಗಿ ನೋಡಿದ್ವಿ, ನಡ್ಕೊಂಡು ಈಚೆಗೆ ಬಂದ್ವಿ. ಆ ಮ್ಯಾಪಲ್ಲಿ ನೀಲಿ ಬಳ್ದವ್ರಲ್ಲ, ಅಲ್ಲಿ ಡ್ರಮ್ಮು ಉರುಳಿದ್ರೆ ಎಲ್ಲಿಗೆ ನಡ್ಕೊಂಡು ಬರ್ತಿದ್ರಿ? ಇವನು ತಪ್ಪು ಮಾಡ್ದ, ಸರಿ. ಡ್ರಮ್ಮು ಹೇರು ಅಂದೋರು ಯಾರು? ಈ ಪರ್ವತಯ್ಯ. ಗೇಣು ಬುಡು ಅಂದಾಗ ಸರಿಯಾದ ಮಾತು ಅಂದೋರು ಯಾರು? ನೀವು. ಮುಳುಗೋವಾಗ ಡ್ರಮ್ಮಿಗೆ ಭುಜ ಕೊಟ್ಟೋನು ಯಾರು? ಇವನೇ. ಆವಾಗ ಆ ಪರ್ವತಯ್ಯ ಬಣ್ಣ ನೋಡ್ತಿದ್ದ.”

ಪರ್ವತಯ್ಯ ಏನೋ ಹೇಳಲು ಬಾಯಿ ತೆರೆದ. ಬೋರಯ್ಯ ಅವನ ಬೆನ್ನು ಗುದ್ದಿ, “ಇನ್ನೂ ನೀರೈತೆ ಅಣ್ಣ ಒಳಗೆ, ಕಕ್ಕು ಕಕ್ಕು,” ಅಂದ.

ಯಜಮಾನರು ಬಿಳಿ ಬೋಟನ್ನೇ ನೋಡುತ್ತಿದ್ದರು. ಜಾಲಿ ಮುಳ್ಳಿನಲ್ಲಿ ಮೂಗು ತೂರಿಸಿಕೊಂಡು ನಿಂತಿದ್ದರೂ ಅದು ಚೆಂದವಾಗಿಯೇ ಇತ್ತು. ಅದನ್ನು ಬಿಟ್ಟುಕೊಡುವುದು ಅವರಿಗೆ ಎಷ್ಟು ಕಷ್ಟವಾಗುತ್ತಿದೆ ಅಂತ ನನಗೆ ಗೊತ್ತಾಗುತ್ತಿತ್ತು. ನಾನೂ ಅದರ ಮೇಲೆ ನಿಂತು ಕಿರುಚಿದವನಲ್ಲವೇ.

“ಮಲ್ಪೇದನ್ನೂ ಹೇರೇ ನೋಡೋದು,” ಅಂದರು ಕೊನೆಗೆ. “ಅದೂ ಹಿಂಗೇ ಕೂತ್ರೆ ಎರಡೂ ಬ್ಯಾಡ. ಮ್ಯಾಪು ಹರಿದು ಒಲೆಗಿಡ್ತೀನಿ. ನೀನೂ ಬಾರ್ಲಾ. ಕೊನೇ ಸಲ.”

ಆ ವಾರವೇ ಹೊರಟೆವು, ರಾಜಲಕ್ಷ್ಮಮ್ಮನವರೂ ಸೇರಿ. ಘಟ್ಟ ಇಳಿದು ಮಲ್ಪೆ ಮುಟ್ಟುವ ತನಕ ಯಜಮಾನರು ನನ್ನ ಜೊತೆ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಲಾರಿ ಓಡಿಸುತ್ತಿದ್ದ ಬೋರಯ್ಯ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿದ.

ಮಲ್ಪೆ ಬೋಟನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ವಯಸ್ಸಾದ ತಾಂಡೇಲರು, ಬೋಟು ನಡೆಸುವುದರಲ್ಲೇ ಕೂದಲು ನರೆತವರು. ಪೂರ್ತಿ ಹೇರಿ ಸಮುದ್ರಕ್ಕೆ ಹೋಗಬೇಕು ಅಂದಾಗ ಅವರು ಮೀಸೆಯಡಿಯಲ್ಲಿ ನಕ್ಕರು.

“ನೀವು ಘಟ್ಟದ ಮೇಲಿನವರು ಬೋಟಿನ ಹಲ್ಲು ಸಹ ಎಣಿಸ್ತೀರಾ ಹೇಗೆ?”

“ಹಲ್ಲು ಆಮೇಲೆ,” ಅಂದೆ. “ಮೊದ್ಲು ಹೇರು.”

ಹೊಟ್ಟೆಯ ಟ್ಯಾಂಕಿಗೆ ಡೀಸೆಲ್ ಕಂಠದ ತನಕ. ಕುಡಿಯುವ ನೀರಿನ ಟ್ಯಾಂಕು ಕಂಠದ ತನಕ. ಸಡಿಲದ ಮಾತೇ ಇಲ್ಲ. ತಿಂಗಳ ದಿನಸಿಯ ಲೆಕ್ಕಕ್ಕೆ ಮರಳಿನ ಮೂಟೆ ಒಳಗಿಳಿಸಿ ಒತ್ತೊತ್ತಾಗಿ ಜೋಡಿಸಿದೆವು. ಬೋಟು ಒಂದು ಗೇಣು ಇಳಿಯಿತು. ಎಂಜಿನ್ನಿನ ಗುಂಡಿಗೆ ಇಳಿದು ನಾನೇ ಶುರುಮಾಡಿದೆ. ಧಡ್, ಧಡ್, ಧಡ್. ಬಂದರಿನ ಬಾಯಿ ದಾಟುತ್ತಲೇ ಮೊದಲ ಅಲೆ ಬಂತು.

ಅಲೆ ಅಂದರೆ ಕೆರೆಯ ಅಲೆ ಅಂದುಕೊಂಡಿದ್ದೆ. ಇದು ಹಾಗಲ್ಲ. ನೆಲವೇ ಉಸಿರೆಳೆದುಕೊಂಡ ಹಾಗೆ ಬೋಟು ಮೇಲೆದ್ದಿತು, ಉಸಿರು ಬಿಟ್ಟ ಹಾಗೆ ಇಳಿಯಿತು. ನನ್ನ ಹೊಟ್ಟೆಯೂ ಎದ್ದಿತು, ಇಳಿಯಲಿಲ್ಲ. ಬಕೀಟು ತಬ್ಬಿಕೊಂಡು ವಾಂತಿ ಮಾಡಿದೆ. ಸಮುದ್ರಕ್ಕೆ ಬಾಯಿಗೆ ಬಂದದ್ದೆಲ್ಲ ಬೈದೆ. ಅದು ಇನ್ನೊಂದು ಅಲೆ ಕಳಿಸಿತು. ನನ್ನ ಸಿಟ್ಟಿಗೆ ಜಗ್ಗದ ವಸ್ತುವನ್ನು ಅವತ್ತೇ ನಾನು ಮೊದಲು ನೋಡಿದ್ದು. ವಾಂತಿಯ ನಡುವೆಯೂ ಕಿವಿ ಮಾತ್ರ ಎಂಜಿನ್ನಿನ ಮೇಲೇ ಇತ್ತು. ಅದರ ಬಡಿತ ಏರಲಿಲ್ಲ, ಇಳಿಯಲಿಲ್ಲ. ಅಷ್ಟು ಹೇರು ಹೊತ್ತೂ ಖಾಲಿ ಇದ್ದಾಗಿನ ನಡಿಗೆಯನ್ನೇ ನಡೆಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ತೆವಳಿಕೊಂಡು ಮೇಲೆ ಬಂದೆ. ದಡ ಇರಲಿಲ್ಲ. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಸುತ್ತ ಒಂದು ದೊಡ್ಡ ನೀಲಿ ತಟ್ಟೆ, ಅದರ ನಡುವೆ ನಾವು. ನನ್ನ ಎದೆ ಹಾರುತ್ತಿತ್ತು. ಹೆದರಿಕೆಯೇ? ಇರಬಹುದು. ಆದರೆ ಹೆದರಿಕೆಗೆ ಇಷ್ಟು ಖುಷಿ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ರಾಜಲಕ್ಷ್ಮಮ್ಮನವರು ಅಡಿಗೆಮನೆಯ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದರು. ಕೋಲಿನ ತುದಿಯಲ್ಲಿ ಮುದ್ದೆಯ ಹಿಟ್ಟು. ಪಾತ್ರೆ ಒಲೆಯ ಮೇಲೇ ಕೂತಿತ್ತು. “ಈ ಬೋಟು ಮುದುಕಪ್ಪ ತೊಟ್ಟಿಲು ತೂಗಿದಂಗೆ ತೂಗ್ತದೆ, ಎತ್ತಿ ಎಸೆಯಾಕಿಲ್ಲ. ತಿಂತೀಯೇನೋ ಕ್ಯಾತ?”

ಮುದ್ದೆಯ ಹೆಸರು ಕೇಳಿ ಮತ್ತೆ ಅಂಚಿಗೆ ಓಡಿದೆ.

ವಾಪಸು ಬಂದಾಗ ಯಜಮಾನರು ತಾಂಡೇಲರ ಕೈಯಿಂದ ಚಕ್ರ ತೆಗೆದುಕೊಂಡಿದ್ದರು. ಬಿಳಿ ಬೋಟಿನಲ್ಲಿ ಹೊಳೆದಿದ್ದ ಹಾಗೆ ಅವರ ಕಣ್ಣು ಹೊಳೆಯುತ್ತಿರಲಿಲ್ಲ. ಅರ್ಧ ಮುಚ್ಚಿದ್ದವು. ಹೊಲದ ಬದುವಿನ ಮೇಲೆ ಕೂತು ಬೆಳೆ ನೋಡುವವನ ಹಾಗೆ.

“ಹೆಂಗೈತ್ಲಾ ಎಂಜಿನ್ನು?” ಕೆರೆಯಿಂದೀಚೆಗೆ ನನ್ನ ಜೊತೆ ಆಡಿದ ಮೊದಲ ಮಾತು.

ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಬಾಯಿ ತೆರೆದರೆ ಮಾತೇ ಬರಲಿಲ್ಲ. ತಲೆಯಾಡಿಸಿದೆ.

“ಇವನ ಬಾಯಿ ಕಟ್ಟೈತೆ ಅಂದ್ರೆ ಎಂಜಿನ್ನು ಪಾಸು,” ಅಂದರು ರಾಜಲಕ್ಷ್ಮಮ್ಮ.

ಯಜಮಾನರು ಬೋಟಿನ ಅಂಚಿಗೆ ಎರಡು ಏಟು ತಟ್ಟಿದರು, ಕೊಂಡ ಎತ್ತಿನ ಬೆನ್ನು ತಟ್ಟಿದ ಹಾಗೆ. “ಇದೇ,” ಅಂದರು. “ಸಂಕ್ರಾಂತಿ ಕಳೀಲಿ, ಹೊರಡಾಣ. ಅಷ್ಟರೊಳಗೆ ಈಜು ಕಲೀಬೇಕು ನೀನು. ಷೆಡ್ಡಿನಿಂದ ಓಡ್ಸಿದ್ದು ಓಡ್ಸಿದ್ದೇ. ಷೆಡ್ಡಿಗೆ ಇನ್ನೊಬ್ಬನ್ನ ನೋಡ್ತೀನಿ.”

ನನಗೆ ಅರ್ಥವಾಗಲು ಒಂದು ಅಲೆಯಷ್ಟು ಹೊತ್ತು ಹಿಡಿಯಿತು. ಅರ್ಥವಾದದ್ದೇ ತಡ, ನಾಲಿಗೆ ಬಿಚ್ಚಿಕೊಂಡಿತು.

“ಹಂಗಾದ್ರೆ ಕೇಳ್ಕಳಿ. ಇಂಜೆಕ್ಟರು ಒಂದು ಜೊತೆ ಹೆಚ್ಚಿಗೆ ಬೇಕು. ನೀರು ಎಳೆಯೋ ಪಂಪು ಇನ್ನೊಂದು ಇರ್ಲೇಬೇಕು, ಈ ಪಂಪಿನ ಸೀಲು ಆಗ್ಲೇ ತೊಟ್ಟಿಕ್ತಾ ಐತೆ. ಫಿಲ್ಟರು ಒಂದು ಮೂಟೆ. ಎಂಜಿನ್ ಗುಂಡಿಗೆ ಗಾಳಿ ಸಾಲ್ದು, ಮೇಲ್ಗಡೆ ಒಂದು ಕಿಂಡಿ ಕೊಯ್ಸಬೇಕು...”

“ಪಂಪು ಒಂದು ಸಾಕು ಕಣ್ಲಾ! ಹೊಸಾ ಬೋಟಿಗೆ ಕಿಂಡಿ ಕೊಯ್ತಾನಂತೆ!”

“ಸಾಲ್ದು! ಸಾವಿರ ಮೈಲಿ ಹೋಗಿ ಅಲ್ಲಿ ಸೀಲು ಕಿತ್ರೆ ನಿಮ್ಮ ಪಂಚೆ ಹರಿದು ತುರುಕ್ಲಾ?”

“ತಾಂಡೇಲರೇ, ಇವನ್ನ ಇಲ್ಲೇ ಇಳಿಸ್ಬುಡ್ರೀ!”

ತಾಂಡೇಲರು ಬೀಡಿ ಹಚ್ಚಿಕೊಂಡು ಬೇರೆ ಕಡೆ ನೋಡಿದರು. ರಾಜಲಕ್ಷ್ಮಮ್ಮನವರು ಮುದ್ದೆ ಕಟ್ಟಿ ತಟ್ಟೆಗಿಟ್ಟರು. ಯಜಮಾನರು ಚಕ್ರ ಬಿಡಲಿಲ್ಲ, ಬೋಟು ತಿರುಗಿಸಲೂ ಇಲ್ಲ. ನಾನು ಬೈದುಕೊಂಡೇ ಸ್ಪ್ಯಾನರು ತೆಗೆದುಕೊಂಡು ಆ ಸೀಲು ಬಿಗಿಯಲು ಕೆಳಗಿಳಿದೆ.